ಸ್ವಿಚ್‌ನ ಗಡಿಯಾರಕ್ಕೆ ಸರಿ ಸಮಯ ಕೊಡುವುದು ಹೇಗೆ?

ರಾತ್ರಿ ಆಫೀಸಿನ ನೆಟ್‌ವರ್ಕ್ ಕೈಕೊಟ್ಟರೆ ಬೆಳಿಗ್ಗೆ ಮೊದಲು ನೋಡುವುದು ಲಾಗ್, ಅಂದರೆ ಯಾವಾಗ ಏನಾಯಿತು ಎಂದು ಸಾಧನಗಳೇ ಬರೆದಿಟ್ಟ ದಾಖಲೆ. ಕಂಪ್ಯೂಟರ್‌ಗಳನ್ನು ಒಂದಕ್ಕೊಂದು ಜೋಡಿಸುವ ನೆಟ್‌ವರ್ಕ್ ಸ್ವಿಚ್ ಒಂದರಲ್ಲಿ 2.10 ಅಂತಿದೆ, ಪಕ್ಕದ್ದರಲ್ಲಿ 1970ರ ಜನವರಿ ಅಂತಿದೆ. ಯಾವುದು ಮೊದಲು ಕೆಟ್ಟಿತು ಎಂದು ಹೇಗೆ ಹೇಳುವುದು? ಎಷ್ಟೋ ಮ್ಯಾನೇಜ್ಡ್ (ಸೆಟ್ಟಿಂಗ್ ಬದಲಿಸಬಹುದಾದ) ಸ್ವಿಚ್‌ಗಳ ಗಡಿಯಾರಕ್ಕೆ ಬ್ಯಾಟರಿಯೇ ಇರುವುದಿಲ್ಲ. ಕರೆಂಟ್ ಹೋಗಿ ಬಂದರೆ ತಾರೀಕು ಮರೆತೇಹೋಗುತ್ತದೆ. ಆಗ ನೆಟ್‌ವರ್ಕ್‌ನಿಂದಲೇ ಸಮಯ ತಂದುಕೊಡುವುದು ಎನ್‌ಟಿಪಿ, ಅಂದರೆ ನೆಟ್‌ವರ್ಕ್ ಟೈಮ್ ಪ್ರೋಟೋಕಾಲ್.

ಮೊದಲು ಟೈಮ್‌ಝೋನ್ ಹಾಕಿ: ಪ್ಲಸ್ 5:30. ಡೇಲೈಟ್ ಸೇವಿಂಗ್ ಆಫ್ ಇರಲಿ. ಎನ್‌ಟಿಪಿ ತರುವುದು ಯುಟಿಸಿ, ಅಂದರೆ ಇಡೀ ಜಗತ್ತಿಗೆ ಒಂದೇ ಆದ ಪ್ರಮಾಣ ಸಮಯ ಮಾತ್ರ, ಅದನ್ನು ಭಾರತದ ಸಮಯಕ್ಕೆ ಬದಲಿಸುವ ಕೆಲಸ ಸ್ವಿಚ್‌ನದ್ದು. ಗಡಿಯಾರ ಸರಿಯಾಗಿ ಐದೂವರೆ ಗಂಟೆ ಹಿಂದಿದ್ದರೆ ಸರ್ವರನ್ನು ದೂರಬೇಡಿ, ತಪ್ಪು ಇಲ್ಲೇ ಇದೆ. ಆಮೇಲೆ ತಾರೀಕು, ಗಂಟೆಯನ್ನು ಕೈಯಿಂದ ಸುಮಾರಾಗಿ ಹೊಂದಿಸಿ. ವ್ಯತ್ಯಾಸ ತೀರಾ ಜಾಸ್ತಿ ಇದ್ದರೆ ಕೆಲವು ಸಾಧನಗಳು ಸರ್ವರ್ ಹೇಳಿದ್ದನ್ನು ಒಪ್ಪುವುದಿಲ್ಲ.

ಈಗ ಸಮಯ ಹೇಳುವ ಸರ್ವರ್. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ, ಅಂದರೆ ಎನ್‌ಪಿಎಲ್, ಪರಮಾಣು ಗಡಿಯಾರಗಳಿಂದ ನಮ್ಮ ದೇಶದ ಸಮಯವನ್ನು ಕಾಯುತ್ತದೆ. ಅದರ ವಿಳಾಸ ಟೈಮ್ ಡಾಟ್ ಎನ್‌ಪಿಎಲ್‌ಇಂಡಿಯಾ ಡಾಟ್ ಆರ್ಗ್. ಸರ್ಕಾರದ ಐಟಿ ಸಂಸ್ಥೆ ಎನ್‌ಐಸಿಯದ್ದು ಸಮಯ್1 ಡಾಟ್ ಎನ್‌ಐಸಿ ಡಾಟ್ ಇನ್, ಮತ್ತು ಸಮಯ್2. ಸಂಸ್ಥೆಗಳು ಎನ್‌ಪಿಎಲ್, ಎನ್‌ಐಸಿ ಇವೆರಡರಲ್ಲೊಂದರ ಸಮಯವನ್ನೋ, ಇವಕ್ಕೆ ಹೊಂದುವ ಸರ್ವರ್‌ಗಳ ಸಮಯವನ್ನೋ ಬಳಸಬೇಕೆಂದು ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ನಿರ್ದೇಶನ ಕೊಟ್ಟಿದೆ. ಎರಡೇ ಸರ್ವರ್ ಹಾಕಿ ಬಿಡಬೇಡಿ. ಎರಡೂ ಬೇರೆ ಬೇರೆ ಸಮಯ ಹೇಳಿದರೆ ಯಾವುದನ್ನು ನಂಬುವುದು? ಮೂರೋ ನಾಲ್ಕೋ ಇರಲಿ. ಸ್ವಿಚ್‌ಗಳು ತುಂಬಾ ಇದ್ದರೆ ನಿಮ್ಮಲ್ಲಿನ ಒಂದೆರಡು ಸರ್ವರ್ ಮಾತ್ರ ಹೊರಗಿನಿಂದ ಸಮಯ ತರಲಿ, ಸ್ವಿಚ್‌ಗಳು ಅವುಗಳಿಂದ ಪಡೆಯಲಿ.

ಸರ್ವರ್ ಹಾಕಿದರೂ ಸಮಯ ಬರುತ್ತಿಲ್ಲವಾ? ಡೀಫಾಲ್ಟ್ ಗೇಟ್‌ವೇ, ಅಂದರೆ ಹೊರಗಿನ ನೆಟ್‌ವರ್ಕ್‌ಗೆ ದಾರಿ ಕೊಡುವ ವಿಳಾಸ, ನೋಡಿ. ಪಿಸಿಗಳಿಗೆ ಇಂಟರ್ನೆಟ್ ಬರುತ್ತಿದೆ, ಆದರೆ ಸ್ವಿಚ್‌ನ ಮ್ಯಾನೇಜ್‌ಮೆಂಟ್ ಐಪಿಗೆ (ಸ್ವಿಚ್‌ನ ಸ್ವಂತ ವಿಳಾಸಕ್ಕೆ) ಹೊರಗೆ ಹೋಗುವ ದಾರಿಯನ್ನೇ ಯಾರೂ ಕೊಟ್ಟಿರುವುದಿಲ್ಲ. ಹೆಸರಿನಿಂದ ಸರ್ವರ್ ಹಾಕಿದ್ದರೆ ಹೆಸರನ್ನು ಐಪಿ ವಿಳಾಸಕ್ಕೆ ಬದಲಿಸುವ ಡಿಎನ್‌ಎಸ್ ಕೂಡ ಬೇಕು. ಫೈರ್‌ವಾಲ್‌ನಲ್ಲಿ ಎನ್‌ಟಿಪಿ ಬಳಸುವ ಯುಡಿಪಿ 123 ಪೋರ್ಟ್ ತೆರೆದಿರಬೇಕು.

ಗಡಿಯಾರ ಸರಿ ಕಂಡಿತು ಅಂತ ಸುಮ್ನೆ ಎದ್ದು ಹೋಗಬೇಡಿ. ನೀವು ಕೈಯಿಂದ ಹಾಕಿದ ಸಮಯವೇ ಓಡುತ್ತಿರಬಹುದು, ಅಲ್ವಾ? ಎನ್‌ಟಿಪಿ ಸ್ಟೇಟಸ್ ತೆರೆಯಿರಿ. ಸ್ಟ್ರೇಟಮ್, ಅಂದರೆ ಮೂಲ ಗಡಿಯಾರದಿಂದ ಎಷ್ಟು ಹಂತ ದೂರ ಎಂಬ ಅಂಕಿ, 16 ಎಂದಿದ್ದರೆ ಇನ್ನೂ ಹೊಂದಿಕೆ ಆಗಿಲ್ಲ. ರೀಚ್ ಎಂಬ ಅಂಕಿ ಕಂಡರೆ ಅದು 377 ಆಗುವವರೆಗೆ ಕಾಯಿರಿ. ಕೊನೆಯ ಎಂಟು ಸಲ ಕೇಳಿದಾಗಲೂ ಉತ್ತರ ಬಂದಿದೆ ಎಂದರ್ಥ. ಇದಕ್ಕೆ ಹತ್ತು ನಿಮಿಷವಾದರೂ ಹಿಡಿಯಬಹುದು.

ಆಮೇಲೆ ಕಾನ್ಫಿಗರೇಶನ್ ಸೇವ್ ಮಾಡಿ. ಅನೇಕ ಸ್ವಿಚ್‌ಗಳಲ್ಲಿ ಅಪ್ಲೈ ಒತ್ತಿದರೆ ಸಾಲದು. ಸೇವ್ ಬೇರೆಯಾಗಿಯೇ ಇರುತ್ತದೆ. ಅದನ್ನು ಬಿಟ್ಟರೆ ಸ್ವಿಚ್ ರೀಸ್ಟಾರ್ಟ್ ಆದಾಗ ಹಾಕಿದ್ದೆಲ್ಲ ಅಳಿಸಿಹೋಗುತ್ತದೆ.