ಮನೆಯಲ್ಲಿ ಬಸುರಿ ಇದ್ದಾಳೆಯೇ? ಮೊದಲು ಹಳೆ ಟ್ರಂಕು ತೆಗೆಯಿರಿ

ಸೀಮಂತ ಹತ್ತಿರ ಬಂತು ಅಂದರೆ ಮನೆ ತೊಳೆಯುವುದು, ಸುಣ್ಣಬಣ್ಣ ಎಲ್ಲಾ ಒಟ್ಟಿಗೇ ಶುರುವಾಗುತ್ತದೆ. ಅಷ್ಟೂ ವಾಸನೆ ಕುಡಿಯುವವಳು ಮಾತ್ರ ಬಸುರಿ ಹೆಣ್ಣುಮಗಳು. ಮನೆಯವರು ಹೀಗೆ ಮಾಡಿ.

ಮೊದಲು ಟ್ರಂಕು. ನನಗೆ ಜಾಸ್ತಿ ಭಯ ಇದರದ್ದೇ. ಅಜ್ಜಿಯ ಹಳೆ ಕಾಟನ್ ಸೀರೆ ಹರಿದು ಕೂಸಿಗೆ ಬಟ್ಟೆ ಮಾಡುತ್ತೇವೆ ಅಲ್ವಾ? ಆ ಸೀರೆ ಇಷ್ಟು ವರ್ಷ ನುಸಿಗುಳಿಗೆಯ ಜೊತೆಗಿತ್ತು. ಗೋಲಿಯಷ್ಟಿದ್ದ ಬಿಳಿ ಗುಳಿಗೆ ಈಗ ಕಡಲೆಕಾಳಿನಷ್ಟಾಗಿರುತ್ತದೆ. ಸವೆದ ನ್ಯಾಫ್ತಲಿನ್ ಆವಿಯಾಗಿ ಸೀರೆಯ ಎಳೆಎಳೆಗೂ ಹಿಡಿದಿರುತ್ತದೆ. ಜಿ6ಪಿಡಿ ಎಂಬ ಕಿಣ್ವ ಹುಟ್ಟಿನಿಂದಲೇ ಕಡಿಮೆ ಇರುವ ಶಿಶುಗಳಲ್ಲಿ ಇದು ಕೆಂಪು ರಕ್ತಕಣಗಳನ್ನು ಒಡೆಯುತ್ತದೆ, ಕಾಮಾಲೆ ಏರಿಸುತ್ತದೆ. ತಾಯಿಯ ರಕ್ತದಿಂದ ಹೊಟ್ಟೆಯೊಳಗಿನ ಮಗುವಿಗೂ ದಾಟುತ್ತದೆ. ಎಣ್ಣೆ ಹಚ್ಚಿದ ಮೈಗಂತೂ ಇನ್ನೂ ಬೇಗ ಇಳಿಯುತ್ತದೆ. ನಾವೋ, ದಿನಾ ಕೂಸಿಗೆ ಎಣ್ಣೆ ನೀವುವವರು!

ಟ್ರಂಕನ್ನು ಬೇರೆಯವರು ಅಂಗಳದಲ್ಲಿ ಬಿಚ್ಚಲಿ. ಗುಳಿಗೆ ಬಿಸಾಡಿ. ಬಟ್ಟೆಗಳನ್ನು ನಾಲ್ಕಾರು ದಿನ ಗಾಳಿಗೆ ಹರವಿ, ಆಮೇಲೆ ಒಗೆಯಿರಿ. ಮೂಗಿಗೆ ಹಿಡಿದಾಗ ವಾಸನೆ ಬಂದರೆ ಆ ಬಟ್ಟೆ ಕೂಸಿಗೆ ಬೇಡ.

ಆಮೇಲೆ ಬಚ್ಚಲು. ಟಾಯ್ಲೆಟ್ ಆ್ಯಸಿಡ್ ಸುರಿದ ಕಡೆ ಬ್ಲೀಚಿಂಗ್ ಪೌಡರ್ ಹಾಕಲೇಬೇಡಿ. ಎರಡೂ ಸೇರಿದರೆ ಕ್ಲೋರಿನ್ ಏಳುತ್ತದೆ. ಕಣ್ಣು ಉರಿದು, ಎದೆ ಹಿಡಿದಂತಾಗುತ್ತದೆ. ಹಾಗಾದರೆ ತಕ್ಷಣ ಹೊರಗೆ ಬನ್ನಿ. ಉಸಿರಾಟ ಕಷ್ಟವಾದರೆ 108ಕ್ಕೆ ಫೋನ್ ಮಾಡಿ. ದಿನದ ಕೆಲಸಕ್ಕೆ ಸೋಪಿನ ಪುಡಿ, ಬ್ರಷ್ ಸಾಕು.

ಹಳೆ ಪೇಂಟ್ ಕೆರೆಯುವ ಕೆಲಸ ಹೆರಿಗೆ ಮುಗಿದ ಮೇಲೂ ಆಗುತ್ತದೆ. ಮನೆಯ ಪೇಂಟ್‌ನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ಮೀರಬಾರದು ಎಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದಿದ್ದೇ 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಕಿಟಕಿ, ಗ್ರಿಲ್‌ಗಳ ಬಣ್ಣದಲ್ಲಿ ಎಷ್ಟೋ ಜಾಸ್ತಿ ಇರಬಹುದು. ಆ ದೂಳಿನ ಸೀಸ ಮಗುವಿನ ಮಿದುಳಿನ ಬೆಳವಣಿಗೆಗೇ ಪೆಟ್ಟು ಕೊಡುತ್ತದೆ. ಕೆರೆಯಲೇಬೇಕಿದ್ದರೆ ಬಸುರಿಯನ್ನು ತವರಿಗೆ ಕಳಿಸಿ. ಕೆಲಸ ಮುಗಿದ ಮೇಲೆ ಪೊರಕೆ ಹಿಡಿಯದೆ ಒದ್ದೆ ಬಟ್ಟೆಯಲ್ಲೇ ಒರೆಸಿ.

ಸೊಳ್ಳೆ ಬತ್ತಿಯ ಹೊಗೆ ಬೇಡ, ಪರದೆ ಕಟ್ಟಿ. ಸುಮ್ನೆ ಬಿಟ್ಟರೆ ಡೆಂಗಿ, ಮಲೇರಿಯಾ ಬಸುರಿಯರನ್ನು ಜೋರಾಗಿಯೇ ಕಾಡುತ್ತವೆ.

ಬೇಡ ಅಂದದ್ದನ್ನೆಲ್ಲ ಈಗಾಗಲೇ ಮಾಡಿಬಿಟ್ಟೆ ಅಂತ ಗಾಬರಿಯಾಗಬೇಡಮ್ಮಾ. ಆ ಬಾಟಲಿ, ಡಬ್ಬಿಗಳ ಲೇಬಲ್ಲಿನ ಫೋಟೊ ತೆಗೆದುಕೊಂಡು ಮುಂದಿನ ಚೆಕಪ್‌ನಲ್ಲಿ ಡಾಕ್ಟರಿಗೆ ತೋರಿಸು.