ವಾಕಿಟಾಕಿ ಕೊಳ್ಳೋ ಮುಂಚೆ ಬ್ಯಾಟರಿ ತೆಗೆದು ನೋಡಿ

ನನ್ನದು ಶಾಮಿಯಾನ, ಮೈಕ್ ಸೆಟ್ ಕೆಲಸ. ದೊಡ್ಡ ಮದುವೆಯಲ್ಲಿ ಪಂಕ್ತಿ ಒಂದು ಕಡೆ, ಅಡುಗೆ ಇನ್ನೊಂದು ಕಡೆ. ವಾಲಗದ ಸದ್ದಲ್ಲಿ ಫೋನ್ ಯಾರೂ ಎತ್ತಲ್ಲ. ಅದಕ್ಕೇ ಆನ್‌ಲೈನಲ್ಲಿ ಅಗ್ಗದ ವಾಕಿಟಾಕಿ ಒಂದು ಜೊತೆ ತರಿಸಿದೆ. ಮೊದಲ ಮದುವೆಯಲ್ಲೇ ನಮ್ಮ ಹುಡುಗ "ಮೂರನೇ ಪಂಕ್ತಿಗೆ ಅನ್ನ ಕಳಿಸಿ" ಅಂದ. "ಯಾರ್ರೀ ಅದು? ಗೇಟಲ್ಲಿ ಲಾರಿ ನಿಂತಿದೆ, ಲೈನ್ ಬಿಡಿ" ಅಂತ ಉತ್ತರ ಬಂತು. ಪಕ್ಕದ ಕಾರ್ಖಾನೆಯ ಸೆಕ್ಯೂರಿಟಿಯವರು! ಅವರು ದುಡ್ಡು ಕಟ್ಟಿ ಲೈಸೆನ್ಸ್ ಪಡೆದ ಫ್ರೀಕ್ವೆನ್ಸಿಯಲ್ಲಿ ನಾವು ಅನ್ನ ಕೇಳುತ್ತಿದ್ದೆವು.

ಜಾತ್ರೆ ಮೈದಾನ ನೋಡಿದ್ದೀರಲ್ಲ? ಒಳ್ಳೆ ಜಾಗದ ಅಂಗಡಿಗಳು ಹರಾಜಾಗುತ್ತವೆ. ಪೊಲೀಸ್ ಚೌಕಿಗೆ ಹರಾಜಿಲ್ಲದೆ ಜಾಗ ಬಿಡುತ್ತಾರೆ. ಒಂದು ಮೂಲೆಯಲ್ಲಿ ಯಾರು ಬೇಕಾದರೂ ಗೋಣಿಚೀಲ ಹಾಸಬಹುದು. ರೇಡಿಯೋ ತರಂಗವೂ ಹಾಗೇ. ಮೊಬೈಲ್ ಕಂಪನಿಗಳಿಗೆ ಹರಾಜು. ಪೊಲೀಸ್, ಸೇನೆಯಂಥವರಿಗೆ ಸರ್ಕಾರ ನೇರವಾಗಿ ಕೊಡುತ್ತದೆ. 2023ರ ಟೆಲಿಕಾಂ ಕಾಯ್ದೆಯಲ್ಲಿ ಅದರ ಪಟ್ಟಿಯೇ ಇದೆ. (ಹಿಂದೆ ಮೊಬೈಲ್‌ನವರಿಗೂ ಮೊದಲು ಬಂದವರಿಗೆ ಮೊದಲು ಅಂತ ಕೊಟ್ಟಿದ್ದರು. 2012ರಲ್ಲಿ ಸುಪ್ರೀಂ ಕೋರ್ಟ್ ಅಂಥ 122 ಲೈಸೆನ್ಸ್ ರದ್ದು ಮಾಡಿತು.) ಮಿಕ್ಕಿದ್ದು ಗೋಣಿಚೀಲದ ಮೂಲೆ: ವೈಫೈ, ಬ್ಲೂಟೂತ್ ಬಳಸುವ 2.4 ಗಿಗಾಹರ್ಟ್ಸ್ ಥರದ್ದು. ನಮ್ಮಂಥವರು ಹುಡುಕಬೇಕಾದ್ದು ಈ ಮೂಲೆಯನ್ನೇ.

ವಾಕಿಟಾಕಿಗೆ ಆ ಮೂಲೆ 446.0ರಿಂದ 446.2 ಮೆಗಾಹರ್ಟ್ಸ್. 2018ರ ನಿಯಮದಲ್ಲಿ ಕಡಿಮೆ ಪವರಿನ ಸೆಟ್‌ಗಳಿಗೆ ಇಲ್ಲಿ ಲೈಸೆನ್ಸ್ ಬೇಡ. ಅಂಗಡಿಯಲ್ಲೇ ಬ್ಯಾಟರಿ ಕಳಚಿ, ಒಳಗಿನ ಸ್ಟಿಕ್ಕರ್ ಓದಿ. ನನ್ನ ಸೆಟ್ಟಿನಲ್ಲಿ 136–174, 400–520 ಮೆಗಾಹರ್ಟ್ಸ್ ಅಂತಿತ್ತು. ಅಂದರೆ ಊರಿಗೆಲ್ಲ ಬೀಗದ ಕೈ! ಬಟನ್ ಒತ್ತಿ ಯಾವ ಫ್ರೀಕ್ವೆನ್ಸಿ ಬೇಕಾದರೂ ಹಾಕಬಹುದು ಅನ್ನುವ ಸೆಟ್ಟನ್ನು ಅಲ್ಲೇ ಬಿಟ್ಟು ಬನ್ನಿ. "ಎಲ್ಲರೂ ಇದನ್ನೇ ತಗೋತಾರೆ ಸಾರ್" ಅಂತಾರೆ, ನಂಬಬೇಡಿ.

ಆಮೇಲೆ ಇಟಿಎ ಸರ್ಟಿಫಿಕೇಟ್ ಕೇಳಿ. ರೇಡಿಯೋ ತರಂಗಗಳನ್ನು ನೋಡಿಕೊಳ್ಳುವ ಸರ್ಕಾರಿ ವಿಭಾಗ, ದೆಹಲಿಯ ಡಬ್ಲ್ಯೂಪಿಸಿ, ಕೊಡುವ ಒಪ್ಪಿಗೆ ಅದು. ಲೈಸೆನ್ಸ್ ಬೇಡದ ಸೆಟ್ಟಿಗೂ ಇದು ಬೇಕು. ಅದರಲ್ಲಿರುವ ಮಾಡೆಲ್ ನಂಬರ್, ಸ್ಟಿಕ್ಕರಿನ ನಂಬರ್ ಒಂದೇನಾ ನೋಡಿ. ಆನ್‌ಲೈನಲ್ಲಿ ಮಾರುವವರು ಫ್ರೀಕ್ವೆನ್ಸಿ, ಲೈಸೆನ್ಸ್ ವಿವರ ಹಾಕಲೇಬೇಕು ಅಂತ 2025ರಲ್ಲಿ ಮಾರ್ಗಸೂಚಿ ಬಂದಿದೆ. ಹಾಕಿಲ್ಲದಿದ್ದರೆ ಆರ್ಡರ್ ಮಾಡಬೇಡಿ.

ಹ್ಯಾಮ್ (ಹವ್ಯಾಸಿ ರೇಡಿಯೋ) ಲೈಸೆನ್ಸ್ ಮಾಡಿಸು ಅಂತ ಸ್ನೇಹಿತರೊಬ್ಬರು ಹೇಳಿದರು. 12 ವರ್ಷ ಆದವರು ಪರೀಕ್ಷೆ ಬರೆದು ಪಡೆಯಬಹುದು, ಒಳ್ಳೆ ಹವ್ಯಾಸ. ಆದರೆ ಅದರಲ್ಲಿ ವ್ಯಾಪಾರ ಮಾಡುವ ಹಾಗಿಲ್ಲ. ಅನ್ನ ಕೇಳೋಕೆ ಅದು ಆಗಲ್ಲ. ದೊಡ್ಡ ಏರಿಯಾಕ್ಕೆ ನಿಮ್ಮದೇ ಫ್ರೀಕ್ವೆನ್ಸಿ ಬೇಕಿದ್ದರೆ ಟೆಲಿಕಾಂ ಇಲಾಖೆಯ ಸರಳ್ ಸಂಚಾರ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ.

446ರ ಸೆಟ್ಟಿನ ಡಬ್ಬದ ಮೇಲೆ "10 ಕಿಲೋಮೀಟರ್" ಅಂತ ಬರೆದಿರುತ್ತಾರೆ, ಸುಮ್ನೆ. ಛತ್ರದಿಂದ ಪಾರ್ಕಿಂಗ್‌ವರೆಗೆ ಕೇಳಿಸಿದರೆ ಸಾಕು ಅಲ್ವಾ? ಆ 0.2 ಮೆಗಾಹರ್ಟ್ಸನ್ನು 12.5 ಕಿಲೋಹರ್ಟ್ಸ್‌ನಂತೆ ಹಂಚಿದರೆ 16 ಚಾನೆಲ್. ಎಲ್ಲರಿಗೂ ಅವೇ, ಯಾರದ್ದೂ ಸ್ವಂತದ್ದಲ್ಲ. ನಾನೀಗ ಚಪ್ಪರ ಕಟ್ಟುವಾಗಲೇ ಒಂದೊಂದನ್ನೂ ಎರಡೆರಡು ನಿಮಿಷ ಕೇಳಿ, ಖಾಲಿ ಇರುವ ಚಾನೆಲ್ ನಂಬರನ್ನು ಹುಡುಗರ ಸೆಟ್ಟಿಗೆ ಟೇಪ್ ಅಂಟಿಸಿ ಬರೆಯುತ್ತೇನೆ.