ಕುಡಿತ ಬಿಟ್ಟು ಬಂದವನಿಗೆ ಊರು ಏನು ಮಾಡಬಹುದು: ಕೋಲಾರದ ಕಡೆಯವರಿಗೆ ಒಂದಿಷ್ಟು ದಾರಿ

ವ್ಯಸನಮುಕ್ತ ಊರು ಮಾಡ್ತೀವಿ ಅಂತ ಹೊರಟವರು ಮೊದಲು ಹಿಡಿಯುವ ಕೆಲಸ ಜಾಥಾ. ಶಾಲೆ ಮಕ್ಕಳ ಕೈಗೆ ಬೋರ್ಡು ಕೊಟ್ಟು ಊರು ಸುತ್ತಿಸುತ್ತಾರೆ, ಬಸ್ ಸ್ಟ್ಯಾಂಡಿನಲ್ಲಿ ಒಂದು ಫ್ಲೆಕ್ಸ್ ಕಟ್ಟುತ್ತಾರೆ, ಪ್ರತಿಜ್ಞೆ ಮಾಡಿಸುತ್ತಾರೆ, ಫೋಟೋ ವಾಟ್ಸಾಪ್ ಗ್ರೂಪಿಗೆ ಹೋಗುತ್ತದೆ. ಅವತ್ತು ಸಂಜೆ ಆರೂವರೆಗೆ ಕೆರೆ ಕಟ್ಟೆ ಮೇಲೆ ಅದೇ ಹುಡುಗರು, ಅದೇ ಪ್ಲಾಸ್ಟಿಕ್ ಲೋಟ. ಜಾಥಾ ಬೇಡ ಅಂತಲ್ಲ, ಅದನ್ನು ಕೊನೆಗೆ ಇಟ್ಟುಕೊಳ್ಳಿ.

ಮಾಲೂರು, ಬಂಗಾರಪೇಟೆ, ಶ್ರೀನಿವಾಸಪುರ, ಮುಳಬಾಗಿಲು ಕಡೆಯ ಯುವಕ ಸಂಘದವರು, ಸ್ತ್ರೀಶಕ್ತಿ ಸಂಘದ ಅಕ್ಕಂದಿರು, ಡೈರಿ ಸೆಕ್ರೆಟರಿಗಳು, ಮೇಷ್ಟ್ರುಗಳು, "ನಮ್ಮೂರಲ್ಲೂ ಏನಾದರೂ ಮಾಡಬೇಕು" ಅಂತ ಅನ್ನಿಸಿದ ಯಾರೇ ಆದರೂ ಸರಿ, ಅವರಿಗಾಗಿ ಇದನ್ನು ಬರೆದಿದ್ದೇನೆ. ನನ್ನ ಪ್ರಕಾರ ಕುಡಿತ ಬಿಡಿಸುವುದು ಡಾಕ್ಟರ ಕೆಲಸ. ಬಿಟ್ಟು ಬಂದವನಿಗೆ ಸಂಜೆ 6ರಿಂದ 9ರವರೆಗೆ ಹೋಗಲು ಒಂದು ಜಾಗ, ಮಾಡಲು ಒಂದು ಕೆಲಸ, ಮಾತಾಡಲು ಇಬ್ಬರು ಜನ ಇರುವ ಹಾಗೆ ನೋಡಿಕೊಳ್ಳುವುದು ಊರಿನ ಕೆಲಸ. ಇದನ್ನು ಅವನು ಆಸ್ಪತ್ರೆಗೆ ಹೋಗುವ ಮೊದಲೇ ಸಿದ್ಧ ಮಾಡಿಡಿ. ಬಂದ ಮೇಲೆ ನೋಡೋಣ ಅಂದರೆ ಅಷ್ಟರಲ್ಲಿ ಹಳೇ ಗೆಳೆಯರು ಬೈಕ್ ತಂದು ಬಾಗಿಲಲ್ಲಿ ನಿಲ್ಲಿಸಿರುತ್ತಾರೆ.

ಯಾರು ಸೇರಬೇಕು

ಐದಾರು ಜನರ ಒಂದು ಸಣ್ಣ ಸಂಘ ಸಾಕು. ದೊಡ್ಡ ಸಮಿತಿ ಮಾಡಿ ಅಧ್ಯಕ್ಷ, ಉಪಾಧ್ಯಕ್ಷ, ಗೌರವಾಧ್ಯಕ್ಷ ಅಂತ ಹಂಚಿಕೊಂಡರೆ ಊರಿನ ಪಾರ್ಟಿ ಜಗಳವೂ ಜೊತೆಗೇ ಒಳಗೆ ಬರುತ್ತದೆ. ಆಶಾ ಕಾರ್ಯಕರ್ತೆ ಇರಲೇಬೇಕು. ಯಾವ ಮನೆಯಲ್ಲಿ ಏನು ಕಷ್ಟ ಅಂತ ಅವರಿಗೆ ಗೊತ್ತು, ಆಸ್ಪತ್ರೆಯ ದಾರಿಯೂ ಗೊತ್ತು. ಸ್ತ್ರೀಶಕ್ತಿ ಸಂಘದಿಂದ ಒಬ್ಬರು ಬೇಕು. ಕುಡಿತ ಬಿಟ್ಟು ವರ್ಷಗಟ್ಟಲೆ ಆದ ಒಬ್ಬರು ಊರಲ್ಲೋ ಪಕ್ಕದ ಊರಲ್ಲೋ ಇದ್ದೇ ಇರುತ್ತಾರೆ, ಅವರನ್ನು ಹುಡುಕಿ ಕರೆತನ್ನಿ, ಏಕೆಂದರೆ ನಾವು ನೀವು ಹೇಳುವ ಹತ್ತು ಮಾತಿಗಿಂತ ಅವರು ಪಕ್ಕದಲ್ಲಿ ಸುಮ್ನೆ ಕೂತರೂ ಜಾಸ್ತಿ ಕೆಲಸ ಆಗುತ್ತದೆ. ಸಂಘದಲ್ಲಿ ಕೇಳಿದ ಮಾತು ಹೊರಗೆ ಹೋಗಬಾರದು ಅನ್ನುವುದನ್ನು ಮೊದಲ ದಿನವೇ ಖಡಾಖಂಡಿತವಾಗಿ ಹೇಳಿಬಿಡಿ.

ಮಾತು ಶುರು ಮಾಡುವುದು ಹೇಗೆ

ಕುಡಿದಾಗ ಬುದ್ಧಿ ಹೇಳಬೇಡಿ. ಅದು ಯಾರಿಗೂ ನೆನಪಿರುವುದಿಲ್ಲ, ನಿಮಗೆ ಬೈಗುಳ ಮಾತ್ರ ಉಳಿಯುತ್ತದೆ. ಹೆಂಡತಿ ಮಕ್ಕಳ ಮುಂದೆ, ಅರಳಿ ಕಟ್ಟೆ ಮೇಲೆ, ನಾಲ್ಕು ಜನರ ಎದುರಿಗೆ ಬೇಡವೇ ಬೇಡ.

ಬೆಳಿಗ್ಗೆ ಡೈರಿಗೆ ಹಾಲು ಹಾಕಲು ಬಂದಾಗ ನೋಡಿ. ಕ್ಯಾನು ಎತ್ತುವಾಗ ಕೈ ನಡುಗುತ್ತದೆ. ಪಕ್ಕದ ಹೋಟೆಲಿನಲ್ಲಿ ಟೀ ಲೋಟ ಎರಡೂ ಕೈಯಲ್ಲಿ ಹಿಡಿದುಕೊಳ್ಳುತ್ತಾನೆ, ಚೆಲ್ಲೀತು ಅಂತ. ಬೆಳಿಗ್ಗೆ ಒಂದು ನೈಂಟಿ ಬಿದ್ದರೆ ಕೈ ನಿಲ್ಲುತ್ತದೆ ಅಂತ ಅವನಿಗೇ ಗೊತ್ತು. ಇಷ್ಟು ಕಂಡರೆ ಅದು ಚಟದ ಮಾತಲ್ಲ, ಕಾಯಿಲೆಯ ಮಾತು. ಆಗ ಕುಡಿತದ ವಿಷಯ ಎತ್ತದೆ ನಿದ್ದೆಯ ವಿಷಯ ಕೇಳಿ. "ಅಣ್ಣ, ರಾತ್ರಿ ನಿದ್ದೆ ಬರ್ತಾ ಇದೆಯಾ? ಊಟ ಸೇರ್ತಾ ಇದೆಯಾ?" ಅಂದರೆ ಸಾಕು. "ಎಲ್ಲಿ ನಿದ್ದೆ ಬಿಡಪ್ಪಾ, ಎರಡು ಗಂಟೆಗೇ ಎಚ್ಚರ ಆಗುತ್ತೆ" ಅಂತ ಶುರು ಮಾಡಿದರೆ ಕೇಳಿಸಿಕೊಳ್ಳಿ. "ಒಂದು ಸಲ ಡಾಕ್ಟರ ಹತ್ರ ತೋರಿಸೋಣ, ನಾನೂ ಬರ್ತೀನಿ" ಅನ್ನಿ. ಕಡೆಯ ಮಾತು ಮುಖ್ಯ. ಒಬ್ಬನೇ ಹೋಗು ಅಂದರೆ ಯಾರೂ ಹೋಗುವುದಿಲ್ಲ.

ಒಂದೇ ಏಟಿಗೆ ಬಿಡಿಸಬೇಡಿ

ಇದನ್ನು ಎರಡು ಸಲ ಓದಿ. ವರ್ಷಾನುಗಟ್ಟಲೆ ದಿನಾ ಕುಡಿಯುವವನನ್ನು ರೂಮಿನಲ್ಲಿ ಕೂಡಿಹಾಕಿ, ದೇವರ ಮುಂದೆ ಆಣೆ ಮಾಡಿಸಿ, ಇವತ್ತಿನಿಂದ ಬಂದ್ ಅಂದರೆ ಜೀವಕ್ಕೆ ಅಪಾಯ. ಕೊನೆಯ ಸಲ ಕುಡಿದ 6ರಿಂದ 24 ಗಂಟೆಯೊಳಗೆ ನಡುಕ, ಬೆವರು, ವಾಂತಿ ಶುರುವಾಗುತ್ತದೆ. ಫಿಟ್ಸ್ ಬರುವುದಾದರೆ ಸಾಮಾನ್ಯವಾಗಿ ಮೊದಲ 2 ದಿನದೊಳಗೆ. ಎರಡು ಮೂರು ದಿನ ಕಳೆದ ಮೇಲೆ ಕೆಲವರಿಗೆ ಇಲ್ಲದ್ದು ಕಾಣಿಸುತ್ತದೆ, ಗೋಡೆ ಮೇಲೆ ಹುಳ ಹರಿಯುತ್ತಿದೆ ಅನ್ನುತ್ತಾರೆ, ತಾನು ಎಲ್ಲಿದ್ದೇನೆ ಅಂತಲೇ ತಿಳಿಯುವುದಿಲ್ಲ, ಜ್ವರ ಏರುತ್ತದೆ. ನಮ್ಮ ಕಡೆ ಇದಕ್ಕೆ ಗಾಳಿ ಸೋಕಿದೆ ಅಂತ ತಾಯಿತ ಕಟ್ಟಿಸುವವರು ಇನ್ನೂ ಇದ್ದಾರೆ. ತಾಯಿತ ಬೇಕಾದರೆ ಆಮೇಲೆ ಕಟ್ಟಿಸಿ, ಮೊದಲು 108ಕ್ಕೆ ಫೋನ್ ಮಾಡಿ.

ಊರಿನ ಕ್ಲಿನಿಕ್ಕಿನಲ್ಲಿ ಎರಡು ಬಾಟಲಿ ಗ್ಲೂಕೋಸ್ ಹಾಕಿಸಿ ಮನೆಗೆ ಕರೆದುಕೊಂಡು ಬರುವುದೂ ಸಾಲದು. ಕುಡಿಯುವವರ ಮೈಯಲ್ಲಿ ಥಯಾಮಿನ್, ಅಂದರೆ ಬಿ1 ವಿಟಮಿನ್, ತೀರಾ ಕಡಿಮೆ ಇರುತ್ತದೆ. ಅದನ್ನು ಕೊಡದೆ ಬರೀ ಗ್ಲೂಕೋಸ್ ಹಾಕಿದರೆ ಮಿದುಳಿಗೆ ಪೆಟ್ಟು ಬೀಳುವ ಸಾಧ್ಯತೆ ಇದೆ. ನಡುಕ ಇಳಿಸಲು ಬೇರೆ ಮಾತ್ರೆಗಳಿವೆ, ಅವನ್ನು ದಿನದಿಂದ ದಿನಕ್ಕೆ ಕಡಿಮೆ ಮಾಡುತ್ತಾ ಹೋಗುತ್ತಾರೆ. ಎಲ್ಲ ಸೇರಿ ಸಾಮಾನ್ಯವಾಗಿ ಒಂದು ವಾರ, ಹತ್ತು ದಿನದ ವಿಷಯ.

ಇನ್ನೊಂದು, ಕುಡಿತ ಬಿಡಿಸುವ ಪುಡಿ. ಗೊತ್ತಾಗದ ಹಾಗೆ ಸಾರಿನಲ್ಲಿ ಬೆರೆಸಿ ಕೊಡಿ ಅಂತ ಮಾರುತ್ತಾರಲ್ಲ, ಅದನ್ನು ದಯವಿಟ್ಟು ತರಬೇಡಿ. ಅದರಲ್ಲಿ ಏನಿದೆ ಅಂತ ಮಾರುವವನೂ ಹೇಳುವುದಿಲ್ಲ. ಡೈಸಲ್ಫಿರಾಮ್ ಅನ್ನುವ ಮಾತ್ರೆ ಇದೆ, ಅದು ನಿಜವಾದ ಔಷಧಿಯೇ. ಆದರೆ ಅದು ಹೊಟ್ಟೆಯಲ್ಲಿರುವಾಗ ಕುಡಿದರೆ ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ವಾಂತಿಯಾಗಿ, ಬಿಪಿ ಬಿದ್ದುಹೋಗುತ್ತದೆ. ಪ್ರಾಣವೂ ಹೋಗಬಹುದು. ರೋಗಿಗೆ ತಿಳಿಸಿ, ಒಪ್ಪಿಸಿ, ಡಾಕ್ಟರೇ ಕೊಡಬೇಕಾದ ಮಾತ್ರೆ ಅದು. ಗಂಡನಿಗೆ ಗೊತ್ತಿಲ್ಲದೆ ಹೆಂಡತಿ ಮುದ್ದೆಯಲ್ಲಿ ಇಟ್ಟು ಕೊಡುವುದಲ್ಲ.

ಎಲ್ಲಿಗೆ ಕರೆದುಕೊಂಡು ಹೋಗುವುದು

ಮೊದಲ ಮೆಟ್ಟಿಲು ತಾಲ್ಲೂಕು ಆಸ್ಪತ್ರೆ. ಮನೋಚೈತನ್ಯ ಅನ್ನುವ ಸರ್ಕಾರದ ಕಾರ್ಯಕ್ರಮದಲ್ಲಿ ಮಂಗಳವಾರದ ದಿನ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುತ್ತಾರೆ. ಯಾವ ಮಂಗಳವಾರ, ಎಷ್ಟು ಹೊತ್ತಿಗೆ ಅಂತ ಆಶಾ ಅಕ್ಕನ ಹತ್ತಿರ ಮುಂಚೆಯೇ ಕೇಳಿಸಿಕೊಳ್ಳಿ. ಕೋಲಾರ ಟೌನಿನಲ್ಲಿ ಎಸ್‌ಎನ್‌ಆರ್ ಜಿಲ್ಲಾಸ್ಪತ್ರೆ ಇದೆ, ಟಮಕದಲ್ಲಿ ಜಾಲಪ್ಪ ಆಸ್ಪತ್ರೆ ಇದೆ. ಕೇಸು ಜಟಿಲವಾದರೆ ಬೆಂಗಳೂರಿನ ನಿಮ್ಹಾನ್ಸ್. ಅಲ್ಲಿ ವ್ಯಸನಕ್ಕೇ ಬೇರೆ ವಿಭಾಗ ಇದೆ.

ಹೋಗುವ ಮೊದಲು ಮಾತಾಡಿ ನೋಡೋಣ ಅಂದರೆ 14416, ಟೆಲಿಮಾನಸ್. 2022ರ ಅಕ್ಟೋಬರಿನಲ್ಲಿ ಶುರುವಾಯಿತು. ದಿನದ 24 ಗಂಟೆಯೂ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಹೆಂಡತಿ, ತಾಯಿ, ಅಣ್ಣ ತಮ್ಮ ಯಾರು ಬೇಕಾದರೂ ಮಾಡಬಹುದು. ಮಾದಕ ವಸ್ತುಗಳಿಗೆಂದೇ 14446 ಇದೆ. ತಂಬಾಕು ಬಿಡಲು 1800-11-2356. ಮೂರೂ ನಂಬರನ್ನು ದೊಡ್ಡ ಅಕ್ಷರದಲ್ಲಿ ಬರೆದು ಡೈರಿಯ ಗೋಡೆಗೆ, ನ್ಯಾಯಬೆಲೆ ಅಂಗಡಿಗೆ, ಕಟಿಂಗ್ ಶಾಪಿನ ಕನ್ನಡಿ ಪಕ್ಕಕ್ಕೆ ಅಂಟಿಸಿ. ಕಟಿಂಗ್ ಶಾಪಿನಲ್ಲಿ ಕಾಯುತ್ತಾ ಕೂತವನು ಓದಿಯೇ ಓದುತ್ತಾನೆ.

ಖಾಸಗಿ ಕೇಂದ್ರಗಳ ವಿಷಯದಲ್ಲಿ ಹುಷಾರು. ರಾತ್ರಿ ಹೊತ್ತು ವ್ಯಾನ್ ಕಳಿಸಿ, ನಾಲ್ಕು ಜನ ಹಿಡಿದು ಎತ್ತಿ ಹಾಕಿಕೊಂಡು ಹೋಗಿ, ಮೂರು ತಿಂಗಳು ಮನೆಯವರಿಗೂ ಮುಖ ತೋರಿಸದ ಜಾಗಗಳಿವೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಮದ್ಯ, ಮಾದಕ ವ್ಯಸನವೂ ಮಾನಸಿಕ ಕಾಯಿಲೆಯ ಲೆಕ್ಕಕ್ಕೆ ಬರುತ್ತದೆ, ರೋಗಿಯನ್ನು ಯಾವುದೇ ರೀತಿಯಲ್ಲಿ ಸರಪಳಿಯಲ್ಲಿ ಕಟ್ಟುವುದು ನಿಷಿದ್ಧ. ದುಡ್ಡು ಕಟ್ಟುವ ಮೊದಲು ಮೂರು ಮಾತು ಕೇಳಿ: ನೋಂದಣಿ ಪತ್ರ ತೋರಿಸಿ, ಡಾಕ್ಟರು ಯಾರು ಎಷ್ಟು ದಿನಕ್ಕೊಮ್ಮೆ ಬರುತ್ತಾರೆ, ಮನೆಯವರು ಯಾವಾಗ ನೋಡಬಹುದು. ಮೂರರಲ್ಲಿ ಒಂದಕ್ಕೆ ತಡವರಿಸಿದರೂ ವಾಪಸ್ ಬನ್ನಿ.

ಶಿಬಿರದ ದಾರಿಯೂ ಇದೆ. ಧರ್ಮಸ್ಥಳದ ಜನಜಾಗೃತಿ ವೇದಿಕೆಯವರು ಊರವರ ಜೊತೆ ಸೇರಿ ಮದ್ಯವರ್ಜನ ಶಿಬಿರ ನಡೆಸುತ್ತಾರೆ. ಅದರಲ್ಲಿ ನನಗೆ ಹಿಡಿಸಿದ್ದು ಶಿಬಿರಕ್ಕಿಂತ ಜಾಸ್ತಿ ಆಮೇಲಿನ ಏರ್ಪಾಡು. ಶಿಬಿರ ಮುಗಿಸಿದವರದ್ದೇ ನವಜೀವನ ಸಮಿತಿ ಮಾಡಿ ಆಗಾಗ ಸೇರಿಸುತ್ತಾರೆ. ದೇವರು ಭಜನೆ ಬೇಡ ಅನ್ನುವವರು ಅಥವಾ ಬೇರೆ ಧರ್ಮದವರು ಇದ್ದರೆ ಕುಡಿತ ಬಿಟ್ಟವರೇ ಸೇರಿ ನಡೆಸುವ ಆಲ್ಕೋಹಾಲಿಕ್ಸ್ ಅನಾನಿಮಸ್ ಸಭೆಗಳನ್ನು ನೋಡಬಹುದು. ಅವರೂ ದೈವಶಕ್ತಿಯ ಮಾತಾಡುತ್ತಾರೆ, ಆದರೆ ಯಾವ ದೇವರು ಅನ್ನುವುದು ನಿಮಗೆ ಬಿಟ್ಟಿದ್ದು. 1935ರಲ್ಲಿ ಅಮೆರಿಕದಲ್ಲಿ ಶುರುವಾದದ್ದು. ಫೀಸಿಲ್ಲ, ಪೂರ್ತಿ ಹೆಸರು ಹೇಳಬೇಕಾಗಿಲ್ಲ, ಬಿಡಬೇಕು ಅನ್ನುವ ಆಸೆ ಇದ್ದರೆ ಸಾಕು. ಶಿಬಿರಕ್ಕೆ ಕಳಿಸುವುದಾದರೂ ನಡುಕ, ಫಿಟ್ಸ್ ಇರುವವನನ್ನು ಮೊದಲು ಡಾಕ್ಟರಿಗೆ ತೋರಿಸಿಯೇ ಕಳಿಸಿ.

ವಾಪಸ್ ಬಂದ ಮೇಲಿನ ಮೂರು ತಿಂಗಳು

ಮತ್ತೆ ಜಾರುವವರಲ್ಲಿ ಹೆಚ್ಚಿನವರು ಜಾರುವುದು ಮೊದಲ ಮೂರು ತಿಂಗಳಲ್ಲೇ. ಇಲ್ಲಿಗೇ ಊರಿನ ಶಕ್ತಿ ಹಾಕಿ.

ಮೊದಲು ಸಂಜೆಯ ಲೆಕ್ಕ. ಅವನಿಗೆ ಸಂಜೆ ಒಂದು ಜವಾಬ್ದಾರಿ ಕೊಡಿ, ನಾಲ್ಕು ಜನಕ್ಕೆ ಉಪಯೋಗಕ್ಕೆ ಬರುವಂಥದ್ದು. ಸಂಜೆ ಹೊತ್ತು ಡೈರಿಯಲ್ಲಿ ಹಾಲು ಅಳೆಯುವುದು, ವಾಲಿಬಾಲ್ ಕೋರ್ಟಿನ ಲೈಟು ಹಾಕಿ ನೆಟ್ ಕಟ್ಟುವುದು, ಪಂಚಾಯಿತಿಯ ಅರಿವು ಕೇಂದ್ರದಲ್ಲಿ, ಅಂದರೆ ಲೈಬ್ರರಿಯಲ್ಲಿ, ಮಕ್ಕಳು ಓದುವಾಗ ಇರುವುದು. ಸುಮ್ನೆ ಬಂದು ಕೂತ್ಕೋ ಅಂದರೆ ಒಂದು ವಾರ ಬರುತ್ತಾನೆ. ಕೀಲಿಕೈ ಅವನ ಹತ್ತಿರ ಇದ್ದರೆ ದಿನಾ ಬರಬೇಕಾಗುತ್ತದೆ, ಅಲ್ವಾ?

ಆಮೇಲೆ ದುಡ್ಡು. ನರಸಾಪುರ, ವೇಮಗಲ್ ಕಡೆ ಕಂಪನಿ ಕೆಲಸಕ್ಕೆ ಹೋಗುವವರಿಗೆ ಸಂಬಳದ ದಿನ, ಕೂಲಿಯವರಿಗೆ ಬಟವಾಡೆ ದಿನ, ಟೊಮ್ಯಾಟೊ ಹಾಕಿದವರಿಗೆ ಮಂಡಿಯಿಂದ ಬಿಲ್ ಸಿಕ್ಕ ದಿನ ಕಷ್ಟದ ದಿನಗಳು. ರೇಟು ಒಳ್ಳೇದು ಸಿಕ್ಕರೂ ಕುಡಿಯಬೇಕು ಅನ್ನಿಸುತ್ತದೆ, ಸಿಗದೆ ಹಣ್ಣನ್ನು ರಸ್ತೆ ಬದಿ ಸುರಿದು ಬಂದರೂ ಅನ್ನಿಸುತ್ತದೆ. ಅವನು ಒಪ್ಪಿದರೆ ದುಡ್ಡು ಹೆಂಡತಿಯ ಅಥವಾ ತಾಯಿಯ ಅಕೌಂಟಿಗೆ ನೇರ ಬೀಳುವ ಹಾಗೆ ಮಾಡಿ. ಮಂಡಿಗೆ ಒಬ್ಬನನ್ನೇ ಕಳಿಸಬೇಡಿ, ಸಂಘದವರು ಯಾರಾದರೂ ಅದೇ ಗಾಡಿಯಲ್ಲಿ ಹೋಗಿ ಬನ್ನಿ.

ಮದುವೆ, ತಿಥಿ, ಜಾತ್ರೆ, ಹೂವಿನ ಪಲ್ಲಕ್ಕಿ. ಇವತ್ತೊಂದಿನ ಅಂತ ಒತ್ತಾಯ ಮಾಡುವ ಮಾವ, ಭಾವ ಪ್ರತಿ ಮನೆಯಲ್ಲೂ ಇರುತ್ತಾರೆ. ಬುದ್ಧಿ ಹೇಳಬೇಕಾದ್ದು ಬಿಟ್ಟವನಿಗಲ್ಲ, ಅವರಿಗೆ. ಅವನಿಗೆ ಒಂದು ಸುಲಭದ ಉತ್ತರ ಕಲಿಸಿಡಿ: "ಮಾತ್ರೆ ತಗೋತಿದೀನಿ ಮಾವ, ಡಾಕ್ಟ್ರು ಬೇಡ ಅಂದಿದಾರೆ." ನಮ್ಮ ಜನ ಆಣೆ ಮಾಡಿದ್ದೀನಿ ಅಂದರೂ ಬಿಡುವುದಿಲ್ಲ, ಮಾತ್ರೆ ಅಂದರೆ ಬಿಡುತ್ತಾರೆ.

ಜಾರಿದರೆ? ಜಾರಬಹುದು. ಶುಗರ್ ಇರುವವರು ಹಬ್ಬದ ದಿನ ಹೋಳಿಗೆ ತಿಂದು ಮತ್ತೆ ಡಾಕ್ಟರ ಹತ್ತಿರ ಹೋಗುವುದಿಲ್ಲವಾ, ಹಾಗೇ ಇದನ್ನೂ ನೋಡಿ. ಮಾರನೇ ದಿನ ಬೆಳಿಗ್ಗೆಯೇ ಯಾರಾದರೂ ಮನೆಗೆ ಹೋಗಿ. ನಾಚಿಕೆಯಿಂದ ಎಂಟು ದಿನ ಮುಖ ಮರೆಸಿಕೊಂಡರೆ ಆ ಎಂಟು ದಿನವೂ ಕುಡಿತವೇ. ನೋವಿನ ಮಾತ್ರೆ, ಇಂಜೆಕ್ಷನ್ನಿನ ಚಟ ಇದ್ದವರಿಗೆ ಮಾತ್ರ ಒಂದು ಎಚ್ಚರಿಕೆ ಹೇಳಲೇಬೇಕು: ಬಿಟ್ಟು ಸ್ವಲ್ಪ ದಿನ ಆದ ಮೇಲೆ ಹಳೇ ಪ್ರಮಾಣವನ್ನೇ ತೆಗೆದುಕೊಂಡರೆ ಮೈ ತಡೆಯುವುದಿಲ್ಲ, ಉಸಿರು ನಿಂತುಹೋಗಬಹುದು.

ಹೆಂಡತಿಯ ಕಡೆಗೂ ಒಬ್ಬರು ನಿಗಾ ಇಡಿ. ಅವನು ಬಿಟ್ಟ ಮೇಲೆ ಊರೆಲ್ಲ ಅವನನ್ನು ಹೊಗಳುತ್ತದೆ, ಇಷ್ಟು ವರ್ಷ ಸಾಲ ತೀರಿಸಿದ ಅವಳನ್ನು ಯಾರೂ ಕೇಳುವುದಿಲ್ಲ. ಸಂಘದ ಸಾಲ, ಅಡವಿಟ್ಟ ಒಡವೆ, ಮಕ್ಕಳ ಫೀಸು, ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಇಬ್ಬರನ್ನೂ ಕೂರಿಸಿ ಲೆಕ್ಕ ಮಾಡಿಸಿ.

ಇನ್ನೂ ಶುರು ಮಾಡದ ಹುಡುಗರು

ಹೈಸ್ಕೂಲು ಹುಡುಗರದ್ದು ಎಣ್ಣೆಗಿಂತ ಮೊದಲು ಕೂಲ್ ಲಿಪ್, ಅಂದರೆ ತಂಬಾಕಿನ ಸಣ್ಣ ಪೊಟ್ಟಣ. ತುಟಿ ಒಳಗೆ ಇಟ್ಟುಕೊಂಡರೆ ಮೇಷ್ಟ್ರಿಗೂ ಕಾಣುವುದಿಲ್ಲ. ಕೆಲವು ಕಡೆ ಪಂಕ್ಚರ್ ಸೊಲ್ಯೂಷನ್, ವೈಟ್ನರ್ ಮೂಸುವುದು. ಮೂಸುವಾಗಲೇ ಹೃದಯ ನಿಂತು ಸತ್ತ ಮಕ್ಕಳಿದ್ದಾರೆ, ಸಣ್ಣ ಚಟ ಅಂತ ಬಿಡಬೇಡಿ. ಬಟ್ಟೆಯ ತುಂಡಿನಲ್ಲಿ ರಾಸಾಯನಿಕದ ವಾಸನೆ, ಮೂಗು ಬಾಯಿ ಸುತ್ತ ಕಜ್ಜಿ ಕಂಡರೆ ವಿಚಾರಿಸಿ.

ಅಂಗಡಿಯವನ ಹತ್ತಿರ ಮೊದಲು ಒಳ್ಳೇ ಮಾತಿನಲ್ಲೇ ಹೇಳಿ. ಕರ್ನಾಟಕದಲ್ಲಿ 2025ರಿಂದ 21 ವರ್ಷದೊಳಗಿನವರಿಗೆ ತಂಬಾಕು ಮಾರುವಂತಿಲ್ಲ. ಮಕ್ಕಳಿಗೆ ಮದ್ಯ, ಮಾದಕ ವಸ್ತು, ತಂಬಾಕು ಕೊಟ್ಟರೆ 2015ರ ಬಾಲನ್ಯಾಯ ಕಾಯ್ದೆಯ 77ನೇ ಸೆಕ್ಷನ್ ಪ್ರಕಾರ 7 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ. ಇದನ್ನು ಕೇಳಿದ ಮೇಲೂ ಮಾರಿದರೆ ಮಕ್ಕಳ ಗ್ರಾಮ ಸಭೆಯಲ್ಲಿ ಮಕ್ಕಳಿಂದಲೇ ಹೇಳಿಸಿ, ನಡಾವಳಿ ಪುಸ್ತಕದಲ್ಲಿ ಬರೆಸಿ. ಬಾಯಿಮಾತಿಗಿಂತ ನಡಾವಳಿಗೆ ಪಿಡಿಒ ಹೆದರುತ್ತಾರೆ. ಮಕ್ಕಳ ತೊಂದರೆಗೆ 1098ಕ್ಕೂ ಫೋನ್ ಮಾಡಬಹುದು.

ಎಸ್ಸೆಸ್ಸೆಲ್ಸಿ ಫೇಲಾಗಿ ಮನೆಯಲ್ಲಿ ಕೂತ ಹುಡುಗರ ಪಟ್ಟಿಯನ್ನು ಶಾಲೆಯಿಂದ ಪಡೆದುಕೊಳ್ಳಿ. ಮತ್ತೆ ಪರೀಕ್ಷೆ ಕಟ್ಟಿಸಿ, ಸಂಜೆ ಗಣಿತ ಇಂಗ್ಲಿಷ್ ಹೇಳಿಕೊಡಲು ಊರಿನ ಡಿಗ್ರಿ ಓದುವವರನ್ನು ಹಿಡಿಯಿರಿ. ಓದು ಬೇಡ ಅನ್ನುವವರು 18 ದಾಟಿದ್ದರೆ ಬ್ಯಾಂಕಿನವರು ನಡೆಸುವ ಆರ್‌ಸೆಟಿ ತರಬೇತಿಗೆ ಕಳಿಸಿ, ಊಟ ವಸತಿ ಸೇರಿ ಉಚಿತ. ಮೊಬೈಲ್ ರಿಪೇರಿ, ವೈರಿಂಗ್, ಹೈನುಗಾರಿಕೆ ಇಂಥವು ಇರುತ್ತವೆ. ವಾಲಿಬಾಲ್, ಕಬಡ್ಡಿ ಟೀಮ್ ಕಟ್ಟುವಾಗ ಒಂದು ನೋಡಿಕೊಳ್ಳಿ: ಟೂರ್ನಮೆಂಟ್ ಗೆದ್ದ ರಾತ್ರಿಯ ಪಾರ್ಟಿಯಲ್ಲೇ ಎಷ್ಟೋ ಹುಡುಗರ ಮೊದಲ ಬಿಯರ್ ಆಗಿರುತ್ತದೆ. ಬಹುಮಾನದ ದುಡ್ಡು ಕ್ಯಾಪ್ಟನ್ ಕೈಗೆ ಕೊಡಬೇಡಿ, ಶೂ ಕೊಡಿಸಿ, ಬಿರಿಯಾನಿ ಮಾಡಿಸಿ ಹಾಕಿ.

ಪಂಚಾಯಿತಿ ಚುನಾವಣೆ ಬಂದರೆ ಇಷ್ಟೆಲ್ಲ ಮಾಡಿದ್ದೂ ಒಂದು ವಾರದಲ್ಲಿ ನೀರಿಗೆ ಬೀಳಬಹುದು. ಎರಡೂ ಕಡೆಯವರು ಕೇಸುಗಟ್ಟಲೆ ಇಳಿಸುತ್ತಾರೆ, ನಿಮ್ಮ ಸಂಘದಲ್ಲೇ ಇಬ್ಬರು ಕ್ಯಾಂಡಿಡೇಟುಗಳಿರಬಹುದು. ನಾಮಪತ್ರ ಹಾಕುವ ಮೊದಲೇ ಎಲ್ಲರನ್ನೂ ಕೂರಿಸಿ, ಬಿಟ್ಟವರ ಮನೆ ಬಾಗಿಲಿಗೆ ಯಾವ ಪಾರ್ಟಿಯವರೂ ಬಾಟಲಿ ತರಬಾರದು ಅಂತ ಒಪ್ಪಿಸಿಕೊಳ್ಳಿ. ಒಪ್ಪದಿದ್ದರೆ ಆ ವಾರ ಅವರನ್ನು ಬೇರೆ ಊರಿನ ಅಕ್ಕನ ಮನೆಗೋ ತಂಗಿ ಮನೆಗೋ ಕಳಿಸಿ, ಓಟಿನ ದಿನ ಬೆಳಿಗ್ಗೆ ನೀವೇ ಗಾಡಿ ಮಾಡಿಕೊಂಡು ಹೋಗಿ ಕರೆತನ್ನಿ.